ಬಾಗಿಲು ತೆರೆಯದ ಕೊನೆಯ ಡಬ್ಬಿ

ರೈಲಿಗೆ ಸ್ಟೀರಿಂಗ್ ಏಕಿಲ್ಲ, ಹಳಿಯ ಕೆಳಗೆ ಜಲ್ಲಿ ಏಕೆ ಹಾಕುತ್ತಾರೆ ಎಂದು ನೀವಿಬ್ಬರೂ ನನ್ನನ್ನು ಕೇಳುತ್ತಲೇ ಇರುತ್ತೀರಿ. ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಇದನ್ನೆಲ್ಲ ಹೇಳಿಕೊಟ್ಟವರು ನಿಮ್ಮ ತಾತ. ಚಕ್ರದ ಒಳಬದಿಯಲ್ಲಿ ಒಂದು ಅಂಚು ಇರುತ್ತದೆ, ಅದು ಹಳಿ ತಪ್ಪದಂತೆ ಹಿಡಿಯುತ್ತದೆ. ಹಳಿ ತಿರುಗಿದ ಕಡೆ ರೈಲು ತಿರುಗುತ್ತದೆ. ಜಲ್ಲಿ ಭಾರವನ್ನು ಹಂಚುತ್ತದೆ, ಮಳೆನೀರು ನಿಲ್ಲಲು ಬಿಡುವುದಿಲ್ಲ. ಇಷ್ಟನ್ನು ನಾನು ಸಂತೋಷದಿಂದಲೇ ಹೇಳುತ್ತೇನೆ.

ಆದರೆ ಹೋದ ಭಾನುವಾರ ಚಿಕ್ಕವಳು, "ಅಜ್ಜಿ, ಕೆಲವು ಸ್ಟೇಷನ್‌ನಲ್ಲಿ ವೈ ಡೋಂಟ್ ಆಲ್ ದ ಡೋರ್ಸ್ ಓಪನ್?" ಎಂದಳು. ನಾನು ಕುಕ್ಕರ್ ಇಡಬೇಕು ಎಂದು ಎದ್ದು ಹೋದೆ. ಉತ್ತರ ನನಗೆ ಗೊತ್ತಿತ್ತು.

ನೀವಿಬ್ಬರೂ ಹುಟ್ಟುವ ಮೊದಲಿನ ಮಾತು. ನ್ಯೂಯಾರ್ಕಿನ ಆಫೀಸುಗಳು ಜನರನ್ನು ಗುಂಪುಗುಂಪಾಗಿ ಮನೆಗೆ ಕಳಿಸುತ್ತಿದ್ದ ವರ್ಷಗಳು. ನಿಮ್ಮ ತಾತನ ಕೆಲಸವೂ ಹೋಯಿತು. ಕೊನೆಗೆ ನ್ಯೂಯಾರ್ಕಿನ ಆಚೆ ತುದಿಯ ಬೆಲ್‌ರೋಸಿನಲ್ಲಿ ಒಂದು ದಿನಸಿ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ನಮ್ಮ ಮನೆಯಿದ್ದ ಓಲ್ಡ್ ಬ್ರಿಡ್ಜ್‌ನಿಂದ ದಿನಾ ಹೋಗಿಬರಲಾಗದೆ ಅಲ್ಲೇ ಒಂದು ರೂಮಿನಲ್ಲಿದ್ದು, ಸೋಮವಾರ ಮಾತ್ರ ಮನೆಗೆ ಬರುತ್ತಿದ್ದರು.

ಒಂದು ಗುರುವಾರ ಬೆಳಿಗ್ಗೆ ಅಂಗಡಿಯಿಂದ ಫೋನ್ ಬಂತು. ಅಕ್ಕಿ ಮೂಟೆ ಇಳಿಸುವಾಗ ಕುಸಿದರಂತೆ, ಆಸ್ಪತ್ರೆಗೆ ಸೇರಿಸಿದ್ದಾರಂತೆ, ಎಚ್ಚರವಿದೆ, ನನ್ನನ್ನು ಕೇಳುತ್ತಿದ್ದಾರಂತೆ. ನಿಮ್ಮ ಅಮ್ಮ ಆಫೀಸಿನ ಕೆಲಸದ ಮೇಲೆ ಬಾಸ್ಟನ್ನಿನಲ್ಲಿದ್ದಳು.

"ನಾನು ಬರೋಷ್ಟರಲ್ಲಿ ಸಂಜೆ ಆಗತ್ತೆ ಅಮ್ಮ. ನೀನು ಟ್ರೇನ್ ತಗೊಂಡು ಹೊರಡು. ಅಪ್ಪ ಒಬ್ಬರೇ ಇರಬಾರದು," ಎಂದಳು.

ಪಕ್ಕದ ಮನೆಯ ಮೈಸೂರಿನಾಕೆ ಕಾರಿನಲ್ಲಿ ಸ್ಟೇಷನ್ನಿಗೆ ಬಿಟ್ಟು, ಎಲ್ಲಿ ಬದಲಿಸಬೇಕು, ಎಲ್ಲಿ ಇಳಿಯಬೇಕು ಎಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದುಕೊಟ್ಟರು. "ಕೇಳ್ತಾ ಹೋಗಿ ಅಕ್ಕ, ನಾಚ್ಕೋಬೇಡಿ," ಎಂದರು.

ನ್ಯೂಯಾರ್ಕಿನಲ್ಲಿ ಸರಿಯಾದ ರೈಲನ್ನೇ ಹುಡುಕಿದೆ. ನಮ್ಮೂರ ಕಡೆ ಒಂಟಿ ಹೆಂಗಸು ಹತ್ತುತ್ತಿದ್ದುದು ಹೆಂಗಸರ ಡಬ್ಬಿಗೆ. ಅದು ಕಟ್ಟಕಡೆಯಲ್ಲಿ, ಗಾರ್ಡಿನ ಪಕ್ಕದಲ್ಲಿ ಇರುತ್ತಿತ್ತು. ಮದುವೆಯಾದ ಹೊಸತರಲ್ಲಿ ತವರಿಗೆ ಕಳಿಸುವಾಗಲೂ ನಿಮ್ಮ ತಾತ ನನ್ನನ್ನು ಅಲ್ಲೇ ಕೂರಿಸುತ್ತಿದ್ದರು. ಹಾಗಾಗಿ ಪ್ಲಾಟ್‌ಫಾರ್ಮಿನುದ್ದಕ್ಕೂ ನಡೆದು ಕೊನೆಯ ಡಬ್ಬಿ ಹತ್ತಿದೆ. ಅಲ್ಲಿ ಗಂಡಸರೂ ಇದ್ದರು. ಆದರೂ ಎದ್ದು ಬೇರೆ ಕಡೆ ಹೋಗಬೇಕೆಂದು ಅನಿಸಲಿಲ್ಲ.

ಕಂಡಕ್ಟರ್ ಟಿಕೆಟ್ ನೋಡಿ, ಮುಂದಕ್ಕೆ ಕೈ ತೋರಿಸಿ ಏನೋ ಹೇಳಿದ. ಅರ್ಥವಾಗಲಿಲ್ಲ. ನಕ್ಕು "ಯೆಸ್, ಯೆಸ್" ಎಂದೆ. ಎದುರು ಸೀಟಿನಲ್ಲಿ ಚೂಡಿದಾರ್ ತೊಟ್ಟ ಹುಡುಗಿಯೊಬ್ಬಳಿದ್ದಳು. ಅವಳನ್ನು ಕೇಳಬಹುದಿತ್ತು. ಬಾಯಿ ಬರಲಿಲ್ಲ.

ಸ್ಟೇಷನ್ನಿನ ಹೆಸರು ಕೂಗಿದ್ದು ಕೇಳಿಸಿತು. ಚೀಲ ಹಿಡಿದು ಬಾಗಿಲ ಬಳಿ ನಿಂತೆ. ರೈಲು ನಿಂತಿತು. ಗಾಜಿನಾಚೆ ಪ್ಲಾಟ್‌ಫಾರ್ಮ್ ಇರಲಿಲ್ಲ, ಬೇಲಿ ಮತ್ತು ಕಳೆಗಿಡಗಳಿದ್ದವು. ಈಗ ತೆರೆಯುತ್ತದೆ, ಈಗ ತೆರೆಯುತ್ತದೆ ಎಂದುಕೊಂಡೆ. ರೈಲು ಹೊರಟಿತು.

ಇದೇ ಚಿಕ್ಕವಳ ಪ್ರಶ್ನೆಗೆ ಉತ್ತರ. ಕೆಲವು ಪ್ಲಾಟ್‌ಫಾರ್ಮ್ ರೈಲಿಗಿಂತ ಗಿಡ್ಡ ಇರುತ್ತವೆ. ಜನ ಕೆಳಗೆ ಬೀಳಬಾರದೆಂದು, ಪ್ಲಾಟ್‌ಫಾರ್ಮಿಗೆ ತಾಗಿದ ಡಬ್ಬಿಗಳ ಬಾಗಿಲು ಮಾತ್ರ ತೆರೆಯುತ್ತಾರೆ. ಅಲ್ಲಿ ಇಳಿಯುವವರು ಮೊದಲೇ ಮುಂದಿನ ಡಬ್ಬಿಗೆ ಹೋಗಿರಬೇಕು.

ಮುಂದಿನ ಸ್ಟೇಷನ್ನಿನಲ್ಲಿ ಆ ಹುಡುಗಿಯೇ ನನ್ನ ಕೈ ಹಿಡಿದು ಮುಂದಕ್ಕೆ ನಡೆಸಿ ಇಳಿಸಿದಳು. ವಾಪಸ್ ರೈಲಿಗಾಗಿ ಸುಮಾರು ಒಂದು ಗಂಟೆ ಬೆಂಚಿನ ಮೇಲೆ ಕೂತಿದ್ದೆ.

ಆಸ್ಪತ್ರೆಯಲ್ಲಿ ಮಂಗಳೂರು ಕಡೆಯ ನರ್ಸ್ ಒಬ್ಬರಿದ್ದರು. ನನ್ನನ್ನು ಕೂರಿಸಿ, ಅರ್ಧ ಗಂಟೆಯ ಹಿಂದೆ ಹೋಗಿಬಿಟ್ಟರು ಎಂದರು. ಆಮೇಲೆ ಮೆಲ್ಲಗೆ ಹೇಳಿದರು, "ನಿಮ್ಮನ್ನೇ ಕೇಳ್ತಾ ಇದ್ರು ಅಮ್ಮಾ. ಅವಳಿಗೆ ರೈಲಿನದ್ದೆಲ್ಲ ಗೊತ್ತುಂಟು, ಬರ್ತಾಳೆ ಅಂತ ನಮಗೇ ಧೈರ್ಯ ಹೇಳಿದ್ರು."

ಅವರ ಪಾದ ಇನ್ನೂ ಬೆಚ್ಚಗಿತ್ತು.

ಸಂಜೆ ನಿಮ್ಮ ಅಮ್ಮ ಓಡಿಬಂದು, ಏಕಮ್ಮ, ನಿನಗೂ ಅಪ್ಪ ಸಿಗಲಿಲ್ಲ ಎಂದು ಕೇಳಿದಳು. ರೈಲು ಲೇಟಾಯಿತು ಎಂದೆ. ಅವಳು ನಂಬಿದಳು. ಇವತ್ತಿಗೂ ರೈಲು ತಡವಾದಾಗಲೆಲ್ಲ ಅವಳ ಮುಖ ಬಿಗಿಯುವುದನ್ನು ನೀವು ನೋಡಿದ್ದೀರಿ. ನಾನು ಪಕ್ಕದಲ್ಲೇ ಕೂತು ಸುಮ್ಮನಿದ್ದೇನೆ.

ನಿಮಗೆ ಕನ್ನಡ ಓದಲು ಬರುವುದಿಲ್ಲ. ಇದನ್ನು ನಿಮ್ಮ ಅಮ್ಮನೇ ಓದಿ ಹೇಳಬೇಕು. ಅವಳು ನಡುವೆ ನಿಲ್ಲಿಸಿದರೆ ಒತ್ತಾಯ ಮಾಡಬೇಡಿ. ನಾನು ಒಳಗೆ ರೂಮಿನಲ್ಲೇ ಇರುತ್ತೇನೆ.