ಸೌಂಡ್ ಕಾರ್ಡಿನ ಢಂ

ಹೋದ ತಿಂಗಳು ಕಂಪ್ಯೂಟರಿನಲ್ಲಿ ಒಂದು ಭಜನೆ ಹಾಕಿದೆ. ಪಕ್ಕದ ಮನೆಯ ಮುನಿಯಮ್ಮ ಬರಿಗಾಲಲ್ಲಿ ಬೀದಿಗೆ ಓಡಿದರು.

ಭಜನೆಯ ತಪ್ಪಲ್ಲ. ನನ್ನ ಸೆಕೆಂಡ್ ಹ್ಯಾಂಡ್ ಕಂಪ್ಯೂಟರಿನ ಸೌಂಡ್ ಕಾರ್ಡಿಗೆ ಒಂದು ಕಾಯಿಲೆ. ಹಾಡು ಶುರುವಾಗುವ ಮುಂಚೆ ಸ್ಪೀಕರ್ ‘ಢಂ’ ಅನ್ನುತ್ತದೆ. ಆಮೇಲೆ ಒಂದೆರಡು ಸಾಲು ಹಾಡಿ ‘ಕೃ ಕೃ ಕೃ ಕೃ’ ಎಂದು ಸಿಕ್ಕಿಕೊಳ್ಳುತ್ತದೆ. ಕೃಷ್ಣ ಪೂರ್ತಿ ಬರುವುದೇ ಇಲ್ಲ.

ನಮ್ಮದು ಕೆಜಿಎಫ್‌ನ ಸಾಲು ಮನೆ. ಎರಡು ಸಂಸಾರಕ್ಕೆ ಒಂದೇ ಗೋಡೆ. ಆ ಕಡೆ ಮುನಿಯಮ್ಮನ ಪಾತ್ರೆ ಸ್ಟ್ಯಾಂಡು, ಈ ಕಡೆ ನನ್ನ ಸ್ಪೀಕರ್. (ಬೇರೆ ಗೋಡೆಗೆ ಇಡಬಾರದೇ ಎನ್ನಬೇಡಿ. ಉಳಿದ ಗೋಡೆಗಳೆಲ್ಲ ನನ್ನ ಹೆಂಡತಿಯ ಸ್ವಾಧೀನದಲ್ಲಿವೆ.) ಇಲ್ಲಿ ಢಂ ಅಂದರೆ ಅಲ್ಲಿ ತಟ್ಟೆ ಲೋಟ ಝಣಝಣ. ಗಣಿಯ ಆಳದಲ್ಲಿ ಬಂಡೆ ಸಿಡಿದಾಗಲೂ ಊರಿನ ಪಾತ್ರೆಗಳು ಹೀಗೇ ಅಲುಗುವುದು. ಆಕೆಯ ಮಗ ವೆಂಕಟೇಶ ಗಣಿಯೊಳಗೆ ಇಳಿಯುವವನು. ಓಡದೆ ಏನು ಮಾಡಿಯಾರು?

“ಏನ್ ಮೇಷ್ಟ್ರೇ, ನಿಮ್ ಪೆಟ್ಗೆ ನನ್ ಜೀವ ತೆಗೀತೈತೆ! ಮಗ ಒಳಗವ್ನೆ ಕಣಪ್ಪಾ!”

ಸರಿ, ರಿಪೇರಿಗೆ ಕೂತೆ. ಕಾರ್ಡಿನ ಡ್ರೈವರ್ ಸಾಫ್ಟ್‌ವೇರ್ ಅಳಿಸಿ ಮತ್ತೆ ಹಾಕಿದೆ. ಢಂ. ವಾಲ್ಯೂಮ್ ತಗ್ಗಿಸಿದೆ. ಢಂ, ಸ್ವಲ್ಪ ಮೆತ್ತಗೆ. ಮುನಿಯಮ್ಮ ಈಗ ಓಡುವುದು ಬಿಟ್ಟು ಗೋಡೆಯಾಚೆಯಿಂದಲೇ ಬೈಯತೊಡಗಿದರು, ಅರ್ಧ ಕನ್ನಡ, ಅರ್ಧ ತೆಲುಗು. ಕಂಪ್ಯೂಟರ್ ಮಾರಿದ ಬಂಗಾರಪೇಟೆಯವನನ್ನು ಕೇಳಿದರೆ, “ಸೌಂಡ್ ಬತ್ತೈತಲ್ಲ ಸಾರ್, ಇನ್ನೇನು?” ಎಂದ. ಬರುತ್ತಿರುವುದೇ ಸಮಸ್ಯೆ ಕಣಯ್ಯಾ!

ಕೊನೆಗೆ ಡಬ್ಬವನ್ನೇ ಬಿಚ್ಚಿದೆ. (ಪ್ಲಗ್ ಕಿತ್ತು, ಮೇನ್ ಆಫ್ ಮಾಡಿ, ರಬ್ಬರ್ ಚಪ್ಪಲಿ ಹಾಕಿಕೊಂಡು.) “ಇನ್ಶೂರೆನ್ಸ್ ಪೇಪರ್ ಎಲ್ಲಿದೆ ಅಂತ ಹೇಳ್ಬಿಟ್ಟು ಕೈ ಹಾಕಿ” ಎಂದಳು ಹೆಂಡತಿ. ನೋಡಿದರೆ ಕಾರ್ಡ್ ಸ್ಲಾಟಿನಲ್ಲಿ ಸರಿಯಾಗಿ ಕೂತೇ ಇಲ್ಲ. ಕಂಪ್ಯೂಟರಿನಲ್ಲಿ ಒಂದೊಂದು ಭಾಗಕ್ಕೂ ಒಂದೊಂದು ನಂಬರ್ ಇರಬೇಕು; ಸಾಲದ್ದಕ್ಕೆ ಅದಕ್ಕೂ ಪ್ರಿಂಟರಿಗೂ ಒಂದೇ ನಂಬರಿಗಾಗಿ ಜಗಳ. ನಂಬರ್ ಬದಲಿಸಿ, ಬೇರೆ ಸ್ಲಾಟಿಗೆ ತುರುಕಿದೆ. ಢಂ ಮಾಯ! ಕೃಷ್ಣ ಪೂರ್ತಿ ಬಂದ.

“ಇನ್ಮೇಲೆ ಢಂ ಅಂದ್ರೆ ಅದು ನನ್ನದಲ್ಲಮ್ಮಾ” ಎಂದು ಮುನಿಯಮ್ಮನಿಗೆ ಹೆಮ್ಮೆಯಿಂದ ಹೇಳಿ ಬಂದೆ.

ನಿನ್ನೆ ಸಂಜೆ ಮುನಿಯಮ್ಮ ಬಾಗಿಲಲ್ಲಿ ನಿಂತಿದ್ದರು. ಬೆಳಗ್ಗೆ ಪಾತ್ರೆ ಅಲುಗಿತ್ತಂತೆ. ಈ ಸಲ ನಿಜವಾದದ್ದೇ. ಮಗನ ಶಿಫ್ಟ್ ಮುಗಿಯುವ ತನಕ ಗಣಿಯ ಗೇಟಿನಲ್ಲೇ ನಿಂತಿದ್ದರಂತೆ.

“ವೆಂಕಟೇಶ ಬಂದನಾ?”

“ಬಂದ, ಉಂಡು ಮನಗವ್ನೆ.” ಸೆರಗಿನಲ್ಲಿ ಮುಖ ಒರೆಸಿಕೊಂಡರು. “ಮೇಷ್ಟ್ರೇ, ಆವಾಗ ಢಂ ಅಂದ್ರೆ ನಿಮ್ಮನ್ ಬೈಕಂಡು, ಮೇಷ್ಟ್ರ ಪೆಟ್ಗೇನೇ ಇರ್ಬೇಕು ಅನ್ಕಂಡು ಮುದ್ದೆ ತೊಳಸ್ತಿದ್ದೆ. ಈಗ ಅಂಗ್ ಅನ್ಕಳಾಕೂ ಇಲ್ಲ. ಅದುನ್ನ ಮೊದ್ಲಿದ್ದಂಗೇ ಮಾಡ್ಬುಡಿ.”

ಕೆಟ್ಟದ್ದನ್ನು ಸರಿ ಮಾಡುವವರು ಊರಿಗೊಬ್ಬರಾದರೂ ಸಿಗುತ್ತಾರೆ. ಸರಿಯಾದದ್ದನ್ನು ಒಬ್ಬ ತಾಯಿಗೋಸ್ಕರ ಕೆಡಿಸಿಕೊಡುವವರು ನಿಮ್ಮಲ್ಲಿ ಯಾರಾದರೂ ಇದ್ದೀರಾ?