ಕೋಟಿನ ಜೇಬಿನಲ್ಲಿ ಆರು ಕೆಜಿ

ಗುರುತು ಪರಿಚಯವಿಲ್ಲದ ಏಳೆಂಟು ಜನರೆದುರು ನಿಮ್ಮ ತೂಕವನ್ನು ಯಾರಾದರೂ ಗಟ್ಟಿಯಾಗಿ ಓದಿ ಹೇಳಿದ್ದಾರಾ? ಹೋದ ಶನಿವಾರ ನನಗೆ ಆ ಭಾಗ್ಯ ಸಿಕ್ಕಿತು.

"ಎಂಬತ್ತೆಂಟು" ಎಂದ ಪೈಲಟ್. ಹಾಳೆಯ ಮೇಲೆ ಬರೆದುಕೊಂಡ.

ಅಸಲಿಗೆ ನಾನು ಎಂಬತ್ತೆರಡು. (ಹೆಂಡತಿ ಈ ಅಂಕಣ ಓದುತ್ತಾಳೆ, ಸುಳ್ಳು ಹೇಳುವಂತಿಲ್ಲ.) ಉಳಿದ ಆರು ಕೆಜಿ ನನ್ನ ಕೋಟಿನ ಜೇಬುಗಳಲ್ಲಿತ್ತು.

ನಾವಿರುವುದು ಸಿಡ್ನಿಯ ಮಾರ್ಸ್ಡನ್ ಪಾರ್ಕ್‌ನಲ್ಲಿ. ನನ್ನ ಹೆಂಡತಿ ಶೈಲಾಳ ಅಕ್ಕನ ಮಗಳು ವಿದ್ಯಾ, ಧಾರವಾಡದವಳು, ಡಾಕ್ಟರ್. ಇಲ್ಲೇ ಕಾಯಂ ನೆಲೆಸಲು ಬೇಕಾದ ಪಿಆರ್ ಬೇಗ ಸಿಗಲಿ ಎಂದು ಸಿಟಿ ಬಿಟ್ಟು, ಮೆಲ್ಬರ್ನ್‌ನಿಂದ ದಕ್ಷಿಣಕ್ಕೆ ಸಮುದ್ರದ ನಡುವಿರುವ ಒಂದು ಪುಟ್ಟ ದ್ವೀಪದಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಅಲ್ಲಿ ದನಗಳು ಹೆಚ್ಚು, ಜನ ಕಡಿಮೆ. ಈಗವಳು ಏಳು ತಿಂಗಳ ಬಸುರಿ. ಅವಳ ಅವ್ವನಿಗೆ ಹೊತ್ತಿಗೆ ಸರಿಯಾಗಿ ವೀಸಾ ಬರಲಿಲ್ಲ. ಹಾಗಾಗಿ ಕುಬಸ ಮಾಡುವ ಜವಾಬ್ದಾರಿ ನಮ್ಮ ಮೇಲೆ ಬಿತ್ತು. (ಬೆಂಗಳೂರಿನವರು ಸೀಮಂತ ಅಂತ ಓದಿಕೊಳ್ಳಿ.)

"ಮಾವಶಿ, ಸೀರಿ ಗೀರಿ ಏನೂ ಬ್ಯಾಡ. ಶೇಂಗಾ ಹೋಳಿಗಿ, ಕಟಕ ರೊಟ್ಟಿ, ಅಗಸಿ ಚಟ್ನಿ ತೊಗೊಂಡು ಬಾ. ಕನಸಿನ್ಯಾಗೂ ಅದ ಬರ್ತದ" ಅಂದಿದ್ದಳು ಫೋನಿನಲ್ಲಿ.

ಇನ್ನು ಕೇಳಬೇಕೆ? ಶೈಲಾ ಎರಡು ದಿನ ರಜೆ ಹಾಕಿ ಒಲೆ ಮುಂದೆ ನಿಂತಳು. "ಬಸುರಿ ಬಯಕಿ ತೀರಸ್ಲಿಲ್ಲಂದ್ರ ಕೂಸಿನ ಕಿವಿ ಸೋರ್ತಾವ" ಎಂದಳು. ವಿದ್ಯಾ ಸ್ವತಃ ಡಾಕ್ಟರ್ ಅಲ್ಲವೇ ಎಂದೆ. "ಡಾಕ್ಟರ್ ಕೂಸಿಗೆ ಕಿವಿ ಇರಂಗಿಲ್ಲೇನು?"

ಸಿಡ್ನಿಯಿಂದ ಮೆಲ್ಬರ್ನ್‌ಗೆ ದೊಡ್ಡ ವಿಮಾನ, ತಂಟೆಯಿಲ್ಲ. ಅಲ್ಲಿಂದ ದ್ವೀಪಕ್ಕೆ ಒಂಬತ್ತು ಸೀಟಿನದು. ಲಗೇಜ್ ತಲಾ ಹತ್ತೇ ಕೆಜಿ. ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ನಮ್ಮವರಿಗೆ ಯಾರಾದರೂ ಹೇಳಿಕೊಡಬೇಕೆ? ಮಿತಿ ಇರುವುದು ಬ್ಯಾಗಿಗೆ, ಮೈಮೇಲಿನ ಬಟ್ಟೆಗಲ್ಲ. ಏಪ್ರಿಲ್ ಬಿಸಿಲಲ್ಲಿ ಎರಡೆರಡು ಸ್ವೆಟರ್ ತೊಟ್ಟು ಬೆಂಗಳೂರು ಏರ್‌ಪೋರ್ಟ್‌ನಲ್ಲಿ ಬೆವರುತ್ತಾ ನಿಂತವರನ್ನು ನೀವೂ ನೋಡಿದ್ದೀರಿ. ನೋಡಿದ್ದೇನು, ನಿಂತಿದ್ದೀರಿ.

ರೊಟ್ಟಿ ಬ್ಯಾಗಿಗೆ ಹೋಯಿತು. ಹೋಳಿಗೆ, ಚಟ್ನಿ ನನ್ನ ಉದ್ದನೆಯ ಕೋಟಿನ ಎಂಟು ಜೇಬುಗಳಿಗೆ. ಆದರೆ ಇಂಥ ವಿಮಾನಕ್ಕೆ ಮನುಷ್ಯರನ್ನೂ ತೂಕಕ್ಕೆ ಹಾಕುತ್ತಾರೆಂಬುದು ನನಗೆ ಗೊತ್ತಿರಲಿಲ್ಲ.

ಕೋಟು ತೆಗೆಯಿರಿ ಎಂದು ಪೈಲಟ್ ಹೇಳಲಿಲ್ಲ. ನಾನು ಒಳಗೊಳಗೇ ಗೆದ್ದೆ.

ಗೆಲುವು ಐದು ನಿಮಿಷವೂ ಬಾಳಲಿಲ್ಲ. ಆತ ಎಲ್ಲ ಕೂಡಿಸಿ ತಲೆ ಕೆರೆದುಕೊಂಡ. "ಇವತ್ತು ಗಾಳಿ ಜೋರಿದೆ, ಇಂಧನ ಹೆಚ್ಚು ಬೇಕು. ಐದು ಕೆಜಿ ಜಾಸ್ತಿಯಾಗ್ತಿದೆ. ಯಾರಾದ್ರೂ ಏನಾದ್ರೂ ಬಿಟ್ಟು ಬರ್ತೀರಾ? ಮಂಗಳವಾರದ ಫ್ಲೈಟ್‌ನಲ್ಲಿ ತಂದುಕೊಡ್ತೀನಿ."

ಐದು. ನನ್ನ ಜೇಬಲ್ಲಿ ಆರು.

ಶೈಲಾ ನನ್ನ ಮುಖ ನೋಡಿದಳು. ನಾನು ಗೋಡೆಯ ಮೇಲಿನ ಮ್ಯಾಪ್ ನೋಡಿದೆ. ಆಸ್ಟ್ರೇಲಿಯಾ ಎಷ್ಟು ದೊಡ್ಡ ದೇಶ ನೋಡಿ.

"ನಂದು ಬಿಡಿ" ಎಂದಳು ಕ್ಯೂನಲ್ಲಿದ್ದ ಒಬ್ಬ ಹಿರಿಯ ಹೆಂಗಸು. ಮೌರೀನ್ ಎಂದು ಪೈಲಟ್ ಕರೆದದ್ದರಿಂದ ಹೆಸರು ತಿಳಿಯಿತು. ದೊಡ್ಡ ತಗಡಿನ ಡಬ್ಬಿಯನ್ನು ಕೌಂಟರ್ ಮೇಲಿಟ್ಟಳು. "ಕೇಕ್ ಅಷ್ಟೇ. ಮಗಳು ಮಾಡಿಕೊಟ್ಟಿದ್ದು. ನಾಳೆ ನನ್ನ ಗಂಡನಿಗೆ ಎಪ್ಪತ್ತೈದು ತುಂಬುತ್ತೆ. ಮಂಗಳವಾರ ಕತ್ತರಿಸಿದ್ರೂ ಕೇಕ್ ಕೇಕೇ."

ಆಗಲೂ ನಾನು ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ವಿದ್ಯಾಳ ಬಯಕೆ, ಕೂಸಿನ ಕಿವಿ, ಶೈಲಾಳ ಎರಡು ದಿನದ ರಜೆ, ಎಲ್ಲ ಕಾರಣಗಳೂ ಸಾಲಾಗಿ ಬಂದು ನಿಂತವು. ಸ್ವಾರ್ಥಕ್ಕೆ ಕಾರಣಗಳ ಬರ ಎಂದಾದರೂ ಬಂದದ್ದುಂಟೆ?

ವಿಮಾನದಲ್ಲಿ ಮೌರೀನ್ ನನ್ನೆದುರಿಗೇ ಕೂತಳು. ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ. ಸಮುದ್ರದ ಮೇಲೆ ಹೋದದ್ದೇ ತಡ, ಕಲಘಟಗಿ ರಸ್ತೆಯ ಟಂಟಂ ರಿಕ್ಷಾದಂತೆ ವಿಮಾನ ಕುಣಿಯತೊಡಗಿತು. ಕೋಟಿನಿಂದ ಬೆಳ್ಳುಳ್ಳಿ ವಾಸನೆ ಎದ್ದಿತು. ನಾನು ಬೆವರುತ್ತಿದ್ದೆ.

"ಸೆಕೆಯಾದ್ರೆ ಕೋಟು ತೆಗೀರಿ, ಕೊಡಿ, ನಾನು ಹಿಡ್ಕೋತೀನಿ" ಎಂದಳು ಆಕೆ.

ಬೇಡ, ಚಳಿ ಎಂದೆ. ನಾಚಿಕೆಯಾಯಿತು, ನಿಜ ಹೇಳುತ್ತೇನೆ. ಆ ಐವತ್ತು ನಿಮಿಷ ಎಷ್ಟೋ ಸಲ ಕೆಳಗೆ ಬಿದ್ದಂತಾಯಿತು. ಎಲ್ಲವೂ ಗಾಳಿಯಿಂದಲ್ಲ.

ಮರುದಿನ ಕುಬಸ. ವಿದ್ಯಾ ಹಸಿರು ಬಳೆ ತೊಟ್ಟು ಮಣೆ ಮೇಲೆ ಕೂತು, ಮೊದಲ ಹೋಳಿಗೆ ಮುರಿದು ಬಾಯಿಗಿಟ್ಟವಳೇ ಕಣ್ಣು ಮುಚ್ಚಿದಳು. ಬಂದದ್ದು ಸಾರ್ಥಕ ಎನ್ನಿಸಿತು. ಅಷ್ಟರಲ್ಲಿ ಬಾಗಿಲಲ್ಲಿ ಮೌರೀನ್! ವಿದ್ಯಾಳ ಕ್ಲಿನಿಕ್‌ನ ರಿಸೆಪ್ಶನಿಸ್ಟ್ ಅಂತೆ. ಸಣ್ಣ ಊರಿನಲ್ಲಿ ಇನ್ಯಾರು ಬರುತ್ತಾರೆ?

ಆಕೆ ಹೋಳಿಗೆ ತಿಂದಳು. ಬೆರಳು ನೆಕ್ಕಿದಳು. "ಹತ್ತು ಕೆಜಿಯಲ್ಲಿ ಇಷ್ಟೆಲ್ಲ ಹೇಗೆ ತಂದ್ರಿ?"

ನಾನು ಬಾಯಿ ತೆರೆಯುವ ಮೊದಲೇ ವಿದ್ಯಾ ಅಭಿಮಾನದಿಂದ ಇಂಗ್ಲಿಷಿನಲ್ಲಿ ಎಲ್ಲ ಹೇಳಿಬಿಟ್ಟಳು. ಕಾಕಾನ ಕೋಟು, ಎಂಟು ಜೇಬು, ಆರು ಕೆಜಿ. ಎಲ್ಲರೂ ನಕ್ಕರು. ಮೌರೀನ್ ಕೂಡ ನಕ್ಕಳು. ಆಮೇಲೆ ನನ್ನ ಕಡೆಗೇ ತಿರುಗಿ, ತಟ್ಟೆ ಮುಂದೆ ಚಾಚಿದಳು.

"ಹಾಗಾದ್ರೆ ನನ್ನ ಗಂಡನಿಗೂ ಎರಡು ಕಟ್ಟಿಕೊಡಿ. ಇವತ್ತು ಅವರ ಬರ್ತ್‌ಡೇ."