ಕೊರ್ಬಿನಿಯನ್ ತೊಳೆದ ಬುರುಡೆಗಳು

ನನ್ನ ತಮ್ಮ ಕೊರ್ಬಿನಿಯನ್ ಚಿಕ್ಕಂದಿನಲ್ಲಿ ಅಮ್ಮ ಎಲೆಕೋಸು ಹುಳಿಹಾಕುವ ಜಾಡಿಯಲ್ಲಿ ಕಪ್ಪೆ ಸಾಕುತ್ತಿದ್ದ. ಬೈಸಿಕೊಳ್ಳುತ್ತಿದ್ದವಳು ನಾನು. ದೊಡ್ಡವನಾಗಿ ಹಡಗು ಹತ್ತಿ ದಕ್ಷಿಣ ಸಮುದ್ರದ ದ್ವೀಪಗಳಿಗೆ ಹೋದ. ಅಲ್ಲಿಯ ಹಕ್ಕಿ, ಹಾವು, ಮನುಷ್ಯ ಯಾವುದನ್ನೂ ಅಳೆಯದೆ ಬಿಡಲಿಲ್ಲ. ಅಮ್ಮ ತೀರಿಕೊಂಡಾಗ ಅವನು ಯಾವುದೋ ದ್ವೀಪದವರು ಸತ್ತವರಿಗಾಗಿ ಹೇಗೆ ಅಳುತ್ತಾರೆಂದು ಬರೆದುಕೊಳ್ಳುತ್ತಿದ್ದನಂತೆ.

ಗಡ್ಡ ನೆರೆತ ಮೇಲೆ ಊರಿಗೆ ಬಂದ, ಪೆಟ್ಟಿಗೆ ತುಂಬ ಬುರುಡೆ ಹೊತ್ತುಕೊಂಡು. ಯಾರವು ಎಂದು ಕೇಳಿದೆ. ಆ ದ್ವೀಪದವರ ಮನೆಗಳಲ್ಲಿ ವರ್ಷಗಟ್ಟಲೆ ಉಂಡವನಿಗೆ ಒಬ್ಬರ ಹೆಸರೂ ಗೊತ್ತಿರಲಿಲ್ಲ. ನಂಬರು ಹಾಕಿದ್ದೇನೆ ಅಂದ.

ನಮ್ಮ ಬೆಟ್ಟದೂರಿನಲ್ಲಿ ಇಗರ್ಜಿಯ ಸಮಾಧಿ ಜಾಗ ಅಂಗೈಯಗಲ. ಕೆಲವು ವರ್ಷ ಕಳೆದರೆ ಹಳಬರನ್ನು ತೆಗೆದು ಹೊಸಬರಿಗೆ ಜಾಗ ಮಾಡಬೇಕು. ತೆಗೆದ ಬುರುಡೆಯನ್ನು ತೊಳೆದು, ಬಿಸಿಲಿಗಿಟ್ಟು, ಹಣೆಯ ಮೇಲೆ ಹೂವೂ ಹೆಸರೂ ಬರೆದು ಎಲುಬಿನ ಮನೆಯಲ್ಲಿ ಇಡುತ್ತೇವೆ. ಬರೆಯುವವಳು ನಾನೇ. ಆ ವಸಂತದಲ್ಲಿ ಅಮ್ಮನ ಸರದಿ ಬಂತು. ಅವಳಿಗೆ ಇಷ್ಟವೆಂದು ನೀಲಿ ಬಣ್ಣ ಅರೆದಿಟ್ಟುಕೊಂಡಿದ್ದೆ.

ತೊಳೆಯುವ ಕೆಲಸ ನನಗಿರಲಿ ಅಂದ ತಮ್ಮ. ಬುದ್ಧಿಯಿದ್ದವಳು ಕೊಡುತ್ತಿದ್ದಳೇ? ಆ ಮಹಾನುಭಾವ ತನ್ನ ಬುರುಡೆಗಳ ಜೊತೆ ಅಮ್ಮನದನ್ನೂ ಒಂದೇ ತೊಟ್ಟಿಯ ಬೂದಿನೀರಿಗೆ ಹಾಕಿದ. ನಂಬರೆಲ್ಲ ಅಳಿಸಿಹೋಯಿತು. ಹಿತ್ತಿಲ ಹುಲ್ಲಿನ ಮೇಲೆ ಎಲ್ಲವೂ ಒಂದೇ ಥರ ಬೆಳ್ಳಗೆ ಒಣಗುತ್ತಿದ್ದವು.

"ಇದ್ರಲ್ಲಿ ಅಮ್ಮಂದು ಯಾವುದೋ?" ಅಂದೆ.

ಅವನಿಗೆ ಗಾಬರಿಯೇ ಇಲ್ಲ. ಬುರುಡೆ ಮುಟ್ಟಿದರೆ ಸಾಕು, ಯಾವ ಜನದ್ದೆಂದು ಹೇಳುತ್ತೇನೆ ಎಂದು ಜಂಬ ಕೊಚ್ಚಿಕೊಂಡವನಲ್ಲವೇ? ಸಂಜೆಯವರೆಗೂ ಅಳೆದ. ಆಮೇಲೆ ಹುಲ್ಲಿನ ಮೇಲೆ ಕುಳಿತುಬಿಟ್ಟ.

"ಗೊತ್ತಾಗ್ತಿಲ್ಲ ಅಕ್ಕ."

"ಹಂಗಾದ್ರೆ ಇಷ್ಟು ವರ್ಷ ಏನ್ ಮಣ್ಣು ಅಳೆದ್ಯೋ ನೀನು?"

ನಾನೂ ಒಂದೊಂದನ್ನೇ ಕೈಯಲ್ಲಿ ಹಿಡಿದು ನೋಡಿದೆ. ಕೊನೆಗಾಲದಲ್ಲಿ ಅವಳಿಗೆ ಗಂಜಿ ಕುಡಿಸಿದ ಕೈ ಇದು. ಇದಕ್ಕೂ ಗುರುತು ಸಿಗಲಿಲ್ಲ. ಅಲ್ಲೇ ಅತ್ತುಬಿಟ್ಟೆ.

ಯಾವುದಾದರೂ ಒಂದಕ್ಕೆ ಹೆಸರು ಬರೆದುಬಿಡು, ಉಳಿದವನ್ನು ಪಟ್ಟಣದ ವಸ್ತುಸಂಗ್ರಹಾಲಯ ಕಾಯುತ್ತಿದೆ ಅಂದ. ಅಮ್ಮನನ್ನು ಗಾಜಿನ ಕಪಾಟಿಗೆ ಕಳಿಸುವ ಮಗ! ಅಷ್ಟೂ ಬುರುಡೆಗಳಿಗೆ ಬರೀ ನೀಲಿ ಹೂ ಬರೆದು, ಅವನ ತಲೆಯ ಮೇಲೇ ಬುಟ್ಟಿ ಹೊರಿಸಿ ಎಲುಬಿನ ಮನೆಗೆ ನಡೆಸಿದೆ.

ಪಾದ್ರಿಗಳು ಬಾಗಿಲಿಗೆ ಅಡ್ಡ ನಿಂತರು. ಜ್ಞಾನಸ್ನಾನವಾಗಿ ಕ್ರೈಸ್ತರಾಗದವರನ್ನು ಒಳಗೆ ಬಿಡುವಂತಿಲ್ಲವಂತೆ.

"ಆಯ್ತು ಫಾದರ್. ನಮ್ಮಮ್ಮ ಅಲ್ಲದ್ದನ್ನ ನೀವೇ ಆರಿಸಿ ಆಚೆ ಇಡಿ."

ಅವರು ಬುಟ್ಟಿ ನೋಡಿದರು, ತಮ್ಮನ ಮುಖ ನೋಡಿದರು, ಪಕ್ಕಕ್ಕೆ ಸರಿದರು.

ಊರಿನ ಸತ್ತವರಿಗೆಲ್ಲ ಹೆಸರು ಬರೆದವಳು ನಾನು. ನನ್ನ ತಾಯಿಯದೊಂದನ್ನು ಬರೆಯಲಾಗಲಿಲ್ಲ.